ಹಾರ್ಲನ್ ಮತ್ತು ಅರವತ್ತು ಸಾವಿರ ಜನ

ನನ್ನ ಗಂಡ ಹಾರ್ಲನ್ ಹೋಗಿ ಹನ್ನೊಂದು ತಿಂಗಳಾಯಿತು. ಅಂಗಳದಲ್ಲಿ ಹಗ್ಗ ಸುತ್ತುತ್ತಿದ್ದ, ಹೃದಯ ನಿಂತಿತು. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ನಮ್ಮ ಊರ ಗ್ರಂಥಾಲಯದವರು ತೀರಿಕೊಂಡವರ ಬಗ್ಗೆ ಮನೆಯವರಿಂದ ನಾಲ್ಕು ಪುಟ ಬರೆಸಿ ಪುಸ್ತಕ ಮಾಡುತ್ತಾರಂತೆ. ನಾನು ಓದಿದ್ದು ಎಂಟನೆಯ ತರಗತಿ. ಆಗುವುದಿಲ್ಲ ಎಂದಿದ್ದೆ. ಆಮೇಲೆ ಹಾರ್ಲನ್‌ನ ಫೋನು ತೆರೆದು ನೋಡಿದೆ. ಅವನ ಪುಟದಲ್ಲಿ ಗುರುತಿಲ್ಲದ ಜನ ಈಗಲೂ ಬರೆಯುತ್ತಾರೆ. ಕಡಲ ಋಷಿಯಂತೆ. ಜ್ಞಾನಿಯಂತೆ. ಹಾರ್ಲನ್ ಋಷಿ ಆಗಿರಲಿಲ್ಲ. ತನ್ನ ಕಟ್ಟಿಸಿದ ಹಲ್ಲನ್ನು ಕಾಫಿ ಲೋಟದಲ್ಲಿ ಬಿಟ್ಟು ಮಲಗುತ್ತಿದ್ದ. ನನ್ನ ಕಾಫಿ ಲೋಟದಲ್ಲಿ. ಇದನ್ನು ಯಾರಾದರೂ ಬರೆದಿಡಬೇಕು.

ಅವನು ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸೀಗಡಿ ಹಿಡಿಯುವವನು. ಅಮೆರಿಕದ ಈ ಮೇನ್ ರಾಜ್ಯದ ಕರಾವಳಿಯಲ್ಲಿ ನಮ್ಮ ಕ್ರೋಸ್ ಕೋವ್‌ನ ಅರ್ಧ ಊರು ಅದನ್ನೇ ಮಾಡುತ್ತದೆ. ಒಳಗೆ ಎರೆ ಕಟ್ಟಿದ ತಂತಿಯ ಬೋನನ್ನು ಕಡಲ ತಳಕ್ಕೆ ಬಿಡಬೇಕು. ಬೋನಿಗೊಂದು ಹಗ್ಗ, ಹಗ್ಗದ ತುದಿಗೆ ನೀರ ಮೇಲೆ ತೇಲುವ ಬೆಂಡು. ಒಬ್ಬೊಬ್ಬರ ಬೆಂಡಿಗೆ ಒಂದೊಂದು ಬಣ್ಣ. ನಮ್ಮದು ಕಿತ್ತಳೆ, ನಡುವೆ ಹಸಿರು ಪಟ್ಟಿ. ಎರಡು ಮೂರು ದಿನ ಬಿಟ್ಟು ಬೋನು ಎತ್ತಬೇಕು. ಅವನು ದೋಣಿ ನಡೆಸಿ ಬೋನು ಎತ್ತುತ್ತಿದ್ದ. ನಾನು ಹಿಂದೆ ನಿಂತು ಎರೆ ತುಂಬುತ್ತಿದ್ದೆ, ಸಿಕ್ಕ ಲಾಬ್‌ಸ್ಟರ್‌ಗಳ ಇಕ್ಕಳದಂಥ ಕೊಂಡಿಗೆ ರಬ್ಬರ್ ಪಟ್ಟಿ ಹಾಕುತ್ತಿದ್ದೆ. ರಬ್ಬರ್ ಹಾಕದಿದ್ದರೆ ಅವು ಒಂದನ್ನೊಂದು ಕಡಿಯುತ್ತವೆ, ನಮ್ಮನ್ನೂ ಕಡಿಯುತ್ತವೆ. ಇಪ್ಪತ್ತಾರು ವರ್ಷ ಹೀಗೆ ನಡೆಯಿತು. ನಮ್ಮ ಇಬ್ಬರ ಮೈಯೂ ಎರೆಯ ಹೆರಿಂಗ್ ಮೀನಿನ ವಾಸನೆ. ಅದಕ್ಕೇ ನಮ್ಮ ಸಂಸಾರ ಉಳಿಯಿತು ಎಂದು ಡೆಲ್ಮಂಟ್ ಹೇಳುತ್ತಿದ್ದ. ಬೇರೆ ಯಾರೂ ಹತ್ತಿರ ಬರುತ್ತಿರಲಿಲ್ಲವಲ್ಲ.

ಡೆಲ್ಮಂಟ್ ಎಂದರೆ ಪಕ್ಕದ ಮನೆಯವನು. ಹಾರ್ಲನ್‌ನ ವಯಸ್ಸೇ. ಇವರ ಅಪ್ಪಂದಿರೂ ಜೊತೆಯಲ್ಲೇ ಮೀನು ಹಿಡಿದವರು. ಪ್ರತಿ ದಿನ ಬೆಳಗ್ಗೆ ಐದಕ್ಕೆ ದೋಣಿಯ ರೇಡಿಯೋದಲ್ಲಿ ಅವನ ದನಿ ಬರುತ್ತಿತ್ತು.

"ಎದ್ದಿದೀಯೇನೋ ಮುದುಕಾ?"

"ಇಲ್ಲ. ಸತ್ತಿದೀನಿ."

"ಹಂಗಾದ್ರೆ ನಿನ್ನ ಬೋನು ನಾನು ಎತ್ಕೋತೀನಿ."

ನಲವತ್ತು ವರ್ಷ ಇದೇ ಮಾತು. ಇದಾದ ಮೇಲೆ ಹಾರ್ಲನ್ ಮಧ್ಯಾಹ್ನದವರೆಗೆ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಎಷ್ಟು ಸಿಕ್ಕಿತು ಎಂದು ಕೇಳಿದರೆ "ಒಂದೆರಡು" ಎನ್ನುತ್ತಿದ್ದ. ತೊಟ್ಟಿ ತುಂಬಿ ತುಳುಕುತ್ತಿದ್ದರೂ ಒಂದೆರಡು. ಇಲ್ಲಿ ಎಲ್ಲರೂ ಹಾಗೆಯೇ. ಎಷ್ಟು ಸಿಕ್ಕಿತು, ಎಲ್ಲಿ ಸಿಕ್ಕಿತು, ಈ ಎರಡನ್ನು ಹೆಂಡತಿಗೆ ಹೇಳುವುದಕ್ಕೂ ಜನ ಹಿಂದೆ ಮುಂದೆ ನೋಡುತ್ತಾರೆ.

ಅವನಪ್ಪನ ವಿಷಯ ಒಂದು ಹೇಳಬೇಕು. ಹಾರ್ಲನ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಚಳಿಗಾಲ ಪೂರ್ತಿ ಕೂತು ತನ್ನ ಮೊದಲ ದೋಣಿಯನ್ನು ತಾನೇ ಕಟ್ಟಿದ. ಅಪ್ಪನನ್ನು ಕರೆದು ತೋರಿಸಿದ. ಅಪ್ಪ ದೋಣಿಯ ಸುತ್ತ ಒಂದು ಸುತ್ತು ಬಂದ, ಬೆರಳಿನಿಂದ ತಟ್ಟಿದ, "ಬಣ್ಣ ಜಾಸ್ತಿ ಆಯ್ತು" ಎಂದ, ಊಟಕ್ಕೆ ಹೋದ. ಮಾತೇ ಆಡದ ಹಾರ್ಲನ್ ಇದನ್ನು ನನಗೆ ಮೂರು ಸಲ ಹೇಳಿದ್ದ. ಮೂರನೆಯ ಸಲ ಹೇಳುವಾಗ ಅವನಿಗೆ ಅರವತ್ತಾರು.

ಅದೇ ವರ್ಷ ಜನವರಿಯಲ್ಲಿ ಅವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಆರು ವಾರ ಕುರ್ಚಿ ಬಿಟ್ಟು ಏಳಬಾರದು ಎಂದರು. ಅವನು ಕಿಟಕಿ ನೋಡಿದ, ನನ್ನನ್ನು ನೋಡಿದ, ಮತ್ತೆ ಕಿಟಕಿ ನೋಡಿದ. ಬ್ಯಾಂಗರ್‌ನಲ್ಲಿರುವ ಮಗಳು ಜೊಲೀನ್ ಒಂದು ಹೊಸ ಫೋನು ಕಳಿಸಿದಳು. "ಅಪ್ಪಾ, ದಿನಾ ಮೊಣಕಾಲಿನ ಫೋಟೋ ತೆಗೆದು ಕಳಿಸು, ಊತ ಇಳಿದಿದೆಯಾ ನೋಡ್ತೀನಿ" ಎಂದಳು. ಎಲ್ಲ ಶುರುವಾದದ್ದು ಆ ಮೊಣಕಾಲಿನಿಂದ.

ಚಳಿಗಾಲದಲ್ಲಿ ಇಲ್ಲಿ ಗಂಡಸರು ಬೋನಿನ ಬಾಯಿಗೆ ಹಾಕುವ ಬಲೆ ಹೆಣೆಯುತ್ತಾರೆ. ಅವನು ಕುರ್ಚಿಯಲ್ಲಿ ಕೂತು ಹೆಣೆಯುತ್ತಿದ್ದಾಗ ಜೊಲೀನ್ ಅಲ್ಲಿಂದಲೇ ಹೇಳಿಕೊಟ್ಟು ಒಂದು ವಿಡಿಯೋ ಮಾಡಿಸಿ ಎಲ್ಲರೂ ನೋಡುವ ಹಾಗೆ ಹಾಕಿಸಿದಳು. ಹಾರ್ಲನ್ ಬಲೆಯನ್ನು ಎತ್ತಿ ಹಿಡಿದು ಹೇಳಿದ್ದು ಇಷ್ಟೇ: "ಇದು ಲಾಬ್‌ಸ್ಟರ್ ಒಳಗೆ ಬರೋ ದಾರಿ. ಬರೋದು ಸುಲಭ. ವಾಪಸ್ ಹೋಗೋಷ್ಟು ಬುದ್ಧಿ ಅದಕ್ಕಿಲ್ಲ."

ಮರುದಿನ ನಾನು ಹಿಟ್ಟು ಕಲೆಸುತ್ತಿದ್ದೆ. ಅವನು ಕೂಗಿದ.

"ಆರ್ಡಿತ್! ಮೂರು ಸಾವಿರ ಜನ!"

ಎಲ್ಲೋ ಹಡಗು ಮುಳುಗಿತು ಅಂದುಕೊಂಡೆ. "ಎಲ್ಲಿ?"

"ಇಲ್ಲಿ. ಹೃದಯ ಒತ್ತಿದಾರೆ."

"ಯಾತಕ್ಕೆ?"

"ನಾನು ಹೇಳಿದ್ದು ಚೆನ್ನಾಗಿದೆಯಂತೆ."

"ಏನು ಹೇಳ್ದೆ ನೀನು?"

ಅವನು ನನ್ನನ್ನು ನೋಡಿದ. ವಿಡಿಯೋ ಮಾಡುವಾಗ ನಾನು ಅದೇ ಕೋಣೆಯಲ್ಲಿದ್ದೆ, ಕೇಳಿಸಿಕೊಂಡಿರಲಿಲ್ಲ.

ಆರು ವಾರದಲ್ಲಿ ಅವನು ಆಡಿದ ಮಾತು ಅದರ ಹಿಂದಿನ ಆರು ವರ್ಷದಲ್ಲಿ ಆಡಿರಲಿಲ್ಲ. ನನ್ನ ಜೊತೆ ಅಲ್ಲ, ಫೋನಿನ ಜೊತೆ. ಗಂಟು ಹಾಕುವುದು ಹೇಗೆ, ಗಾಳಿ ತಿರುಗುವುದನ್ನು ಮೂಗಿನಲ್ಲಿ ತಿಳಿಯುವುದು ಹೇಗೆ. ಜನ ಅವನನ್ನು ಕ್ಯಾಪ್ಟನ್ ಅಜ್ಜ ಎಂದರು. ದೇಶದ ನಟ್ಟನಡುವೆ ಇರುವ ನೆಬ್ರಾಸ್ಕಾದ ಗ್ಲೆನ್ನಾ ಎಂಬ ಹೆಂಗಸು ದಿನಾ ಬೆಳಗ್ಗೆ ನಮಸ್ಕಾರ ಹೇಳುತ್ತಿದ್ದಳು. ಅವಳು ಜೀವನದಲ್ಲಿ ಸಮುದ್ರ ನೋಡಿರಲಿಲ್ಲ. ಅವಳ ನಾಯಿಯ ಹೆಸರು, ಅವಳ ಸೊಸೆಯ ಕುತಂತ್ರ ಎಲ್ಲ ನಮಗೆ ಗೊತ್ತಾಯಿತು.

ಮೊಣಕಾಲು ವಾಸಿಯಾಯಿತು, ವಸಂತ ಬಂತು, ದೋಣಿ ನೀರಿಗಿಳಿಯಿತು. ಫೋನೂ ಇಳಿಯಿತು. ಚುಕ್ಕಾಣಿಯ ಪಕ್ಕದಲ್ಲಿ ಅದಕ್ಕೊಂದು ಹಿಡಿ ಮಾಡಿ ಕಟ್ಟಿದ. ಒಂದು ಬೋನು ಎತ್ತುವುದು, ಒಂದು ಸಲ ಫೋನು ನೋಡುವುದು.

ಈ ಚಟ ಯಾಕೆ ಹತ್ತುತ್ತದೆ ಎಂದು ಜನ ನನ್ನನ್ನು ಕೇಳಿದ್ದಾರೆ. ಬೋನು ಎತ್ತುವವನಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಹಗ್ಗ ಮೇಲೆ ಬರುತ್ತಿರುತ್ತದೆ, ಒಳಗೆ ಏನಿದೆಯೋ ಗೊತ್ತಿಲ್ಲ. ಹತ್ತು ಬೋನು ಖಾಲಿ. ಹನ್ನೊಂದನೆಯದರಲ್ಲಿ ಆರು. ಆ ಆರಕ್ಕಾಗಿ ಇನ್ನು ನಲವತ್ತು ಎತ್ತುತ್ತೀರಿ. ಪ್ರತಿ ಬೋನಿನಲ್ಲೂ ಎರಡೆರಡು ಇರುತ್ತವೆ ಎಂದು ಗೊತ್ತಿದ್ದರೆ ಯಾವನೂ ಇಷ್ಟು ಬೆಳಗ್ಗೆ ಏಳುತ್ತಿರಲಿಲ್ಲ. ಹಾರ್ಲನ್ ಫೋನಿನ ಗಾಜನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು ಬಿಡುವಾಗ ಅವನ ಮುಖ ಬೋನು ಎತ್ತುವಾಗಿನ ಮುಖವೇ. ಐವತ್ತು ವರ್ಷ ಅಭ್ಯಾಸ ಮಾಡಿದವನು. ಬೇರೆಯವರಿಗಿಂತ ಬೇಗ ಸಿಕ್ಕಿಬಿದ್ದ.

ಕಕ್ಕಸಿಗೆ ಹೋದರೆ ಬರುತ್ತಿರಲಿಲ್ಲ. ಒಮ್ಮೆ ಹೊಸ ಮೊಣಕಾಲು ಮರಗಟ್ಟಿ ಏಳಲಾಗದೆ ನನ್ನನ್ನು ಕರೆದ. ಚರ್ಚಿನಲ್ಲಿ ಪ್ರಾರ್ಥನೆಯ ಪುಸ್ತಕದೊಳಗೆ ಫೋನು.

"ಏನು ಮಾಡ್ತಿದೀಯ?" ಎಂದು ಕೇಳಿದರೆ, "ಹವಾಮಾನ ನೋಡ್ತಿದ್ದೆ."

"ಹವಾಮಾನ ಕಿಟಕಿ ಆಚೆ ಇದೆ."

ಒಂಬೈನೂರು ಜನ ಹೊಗಳಿದ ದಿನ ಒಬ್ಬ ಮಾತ್ರ "ಇವನ ಲಾಬ್‌ಸ್ಟರ್‌ಗಳು ಸಣ್ಣವು" ಎಂದು ಬರೆದ. ಹಾರ್ಲನ್ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ಯಾರವನು?" ಎಂದು ಕೇಳಿದೆ.

"ಗೊತ್ತಿಲ್ಲ."

"ಎಲ್ಲಿಯವನು?"

"ಗೊತ್ತಿಲ್ಲ. ಬೆಕ್ಕಿನ ಫೋಟೋ ಹಾಕ್ಕೊಂಡಿದಾನೆ."

"ಬೆಕ್ಕಿನ ಮಾತಿಗೆ ಊಟ ಬಿಡ್ತೀಯಾ?"

ಜೊಲೀನ್ ಶಾಲೆಯಲ್ಲಿ ಮಕ್ಕಳ ಮನಸ್ಸಿನ ತೊಂದರೆ ಕೇಳಿ ಬುದ್ಧಿ ಹೇಳುವ ಕೆಲಸದಲ್ಲಿದ್ದಾಳೆ. ಅವಳಿಗೆ ಫೋನು ಮಾಡಿ ಬೈದೆ.

"ನೀನು ಕೊಟ್ಟ ರೋಗ ಇದು. ನೀನೇ ವಾಸಿ ಮಾಡು."

"ಅಮ್ಮಾ, ಫೋನು ರೋಗ ತರಲ್ಲ. ಒಳಗೆ ಏನೋ ಖಾಲಿ ಇರುತ್ತೆ, ಅದು ಅಲ್ಲಿ ಹೋಗಿ ಕೂರುತ್ತೆ. ನನ್ನ ಹತ್ರ ಬರೋ ಮಕ್ಕಳಲ್ಲೂ ಅಷ್ಟೇ. ಒಂಟಿಯಾಗಿರೋರು, ಯಾರೂ ಚೆನ್ನಾಗಿ ಮಾಡ್ದೆ ಅಂತ ಹೇಳದೇ ಇರೋರು, ಅಂಥವರಿಗೇ ಜಾಸ್ತಿ ಅಂಟ್ಕೊಳ್ಳೋದು."

"ಒಂಟಿಯಾ? ನಾನೇನು ಗೋಡೆನಾ?"

"ಅಪ್ಪನ್ನ ನೀನು ಕೊನೇ ಸಲ ಹೊಗಳಿದ್ದು ಯಾವಾಗ?"

ಒಲೆ ಮೇಲೆ ಏನೋ ಇದೆ ಎಂದು ಹೇಳಿ ಫೋನು ಇಟ್ಟೆ. ಒಲೆ ಮೇಲೆ ಏನೂ ಇರಲಿಲ್ಲ.

ಮರುದಿನ ಅವನು ಧಕ್ಕೆಯ ಕಂಬಕ್ಕೆ ದೋಣಿ ಕಟ್ಟಿ ಮೇಲೆ ಹತ್ತುತ್ತಿದ್ದಾಗ ಹೇಳಿದೆ, "ಇವತ್ತು ದೋಣಿ ಚೆನ್ನಾಗಿ ಕಟ್ಟಿದೀಯ."

ಅವನು ನಿಂತ. "ಯಾಕೆ, ಹುಷಾರಿಲ್ವಾ?"

ಇನ್ನು ಆ ಜುಲೈ ತಿಂಗಳ ವಿಷಯ. ಆಗ ಅವನು ಡೆಲ್ಮಂಟ್‌ನನ್ನು ಕಳೆದುಕೊಂಡ. ವಾಪಸ್ ಸಿಗುತ್ತಾನೋ ಇಲ್ಲವೋ ಎನ್ನುವುದೇ ಮುಂದಿನ ಏಳು ವಾರದ ಕತೆ.

ನಮ್ಮ ಊರಿಗೂ ಪಕ್ಕದ ಬ್ರಾಲ್ಟನ್‌ಗೂ ನಡುವೆ ಒಂದಷ್ಟು ನೀರಿದೆ. ಅಲ್ಲಿ ಎರಡೂ ಊರಿನವರು ಬೋನು ಬಿಡಬಹುದು. ತಳವೆಲ್ಲ ಕೆಸರು. ಆದರೆ ಒಂದು ಕಡೆ, ಚರ್ಚಿನ ಅಂಗಳದಷ್ಟು ಜಾಗದಲ್ಲಿ, ಒಂದು ಬಂಡೆ ಚಾಚಿಕೊಂಡಿದೆ. ಬಂಡೆಯ ಸಂದಿಯಲ್ಲಿ ಲಾಬ್‌ಸ್ಟರ್ ಕಿಕ್ಕಿರಿದಿರುತ್ತವೆ. ಹಾರ್ಲನ್‌ನ ಅಪ್ಪ, ಡೆಲ್ಮಂಟ್‌ನ ಅಪ್ಪ ಇಬ್ಬರೂ ಸೇರಿ ಅದನ್ನು ಕಂಡುಹಿಡಿದು ಅಜ್ಜಿಯ ಅಟ್ಟ ಎಂದು ಹೆಸರಿಟ್ಟರು. ಬೆಂಡು ನೋಡಿದರೆ ಬೋನು ಎಲ್ಲಿ ಕೂತಿದೆ ಎಂದು ತಿಳಿಯುವುದಿಲ್ಲ, ಉದ್ದ ಹಗ್ಗವನ್ನು ನೀರು ಎಳೆದಾಡುತ್ತದೆ. ಸಾಲದ್ದಕ್ಕೆ ಈ ಎರಡು ಮನೆಯವರು ಸುತ್ತ ಕೆಸರಿನಲ್ಲೂ ಸುಮ್ಮನೆ ಬೋನು ಬಿಡುತ್ತಿದ್ದರು, ಬೇರೆಯವರಿಗೆ ದಿಕ್ಕು ತಪ್ಪಲಿ ಎಂದು. ಅಟ್ಟದ ಗುರುತು ದಡದಲ್ಲಿದೆ. ಚರ್ಚಿನ ಶಿಖರ ಮೀನಿಗೆ ಮಂಜುಗಡ್ಡೆ ಮಾಡುವ ಕಟ್ಟಡದ ಚಿಮಣಿಯ ಹಿಂದೆ ಸರಿಯಾಗಿ ಅಡಗಬೇಕು. ಅದೇ ಹೊತ್ತಿಗೆ ಇನ್ನೊಂದು ಕಡೆ ದ್ವೀಪದ ಎರಡು ಬಂಡೆಗಳು ಒಂದಾಗಿ ಕಾಣಬೇಕು. ಎರಡೂ ಒಟ್ಟಿಗೆ ಸೇರಿದರೆ ನೀವು ಅಟ್ಟದ ಮೇಲಿದ್ದೀರಿ. ಈಗ ಎಲ್ಲರ ದೋಣಿಯಲ್ಲೂ ತಳ ತೋರಿಸುವ ಯಂತ್ರ ಇದೆ. ಆದರೆ ಅಷ್ಟು ಕೆಸರಿನಲ್ಲಿ ಎಲ್ಲಿ ಹುಡುಕಬೇಕು ಎಂದು ಗೊತ್ತಿರಬೇಕಲ್ಲ.

ಒಂದು ಬೆಳಗ್ಗೆ ಗ್ಲೆನ್ನಾ ಬರೆದಳು, "ಕ್ಯಾಪ್ಟನ್, ನಿಮ್ಮಲ್ಲಿ ಸೂರ್ಯ ಹುಟ್ಟೋದನ್ನ ಪೂರ್ತಿ ತೋರಿಸಿ, ಸುತ್ತಲೂ." ನಾವು ಅಟ್ಟದ ಮೇಲೆಯೇ ಇದ್ದೆವು. ಹಾರ್ಲನ್ ಫೋನು ಕೈಗೆತ್ತಿಕೊಂಡು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿದ. ಚರ್ಚು, ಚಿಮಣಿ, ಸೂರ್ಯ, ದ್ವೀಪ, ಎರಡು ಬಂಡೆ. ಐವತ್ತು ವರ್ಷ ಬಾಯಿ ಹೊಲಿದುಕೊಂಡಿದ್ದವನು ಒಂದು ಮಾತೂ ಆಡದೆ ಎಲ್ಲ ಹೇಳಿಬಿಟ್ಟ. ನಾನು ಬೆನ್ನು ತಿರುಗಿಸಿ ಎರೆ ತುಂಬುತ್ತಿದ್ದೆ. ನೋಡಿದ್ದರೆ ಕೈಯಲ್ಲಿದ್ದ ಮೀನನ್ನೇ ಎಸೆಯುತ್ತಿದ್ದೆ.

ಆಗ ಅವನನ್ನು ನೋಡುವವರು ನಲವತ್ತು ಸಾವಿರ. ಅದರಲ್ಲಿ ಬ್ರಾಲ್ಟನ್‌ನವರೂ ಇದ್ದರು ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಅವನ ಲೆಕ್ಕದಲ್ಲಿ ಆ ಜನ ಎಂದರೆ ನೆಬ್ರಾಸ್ಕಾ.

ನಾಲ್ಕು ದಿನ ಬಿಟ್ಟು ನಾವು ಹೋದಾಗ ಅಟ್ಟದ ಮೇಲೆ ಬ್ರಾಲ್ಟನ್ ಬೆಂಡುಗಳು, ಹುಟ್ಟುಹಬ್ಬದ ಪುಗ್ಗೆಗಳ ಹಾಗೆ. ಹಳದಿ, ಕೆಂಪು, ನೇರಳೆ. ನಡುವೆ ಡೆಲ್ಮಂಟ್‌ನ ಬಿಳಿ ಬೆಂಡುಗಳು ಹುಡುಕಿದರೂ ಕಾಣಲಿಲ್ಲ. ತಪ್ಪೆಂದು ಹೇಳುವ ಹಾಗೂ ಇಲ್ಲ, ಆ ನೀರು ಅವರದ್ದೂ ಹೌದು.

ಮರುದಿನ ಬೆಳಗ್ಗೆ ಐದಕ್ಕೆ ರೇಡಿಯೋ ಮಾತಾಡಲಿಲ್ಲ.

ಹಾರ್ಲನ್ ಕಾದ. ಐದೂ ಕಾಲು. ಐದೂವರೆ. ದನಿ ಹೆಚ್ಚಿಸಿ ನೋಡಿದ. ಕೆಟ್ಟಿದೆಯೇನೋ ಎಂದು ತಟ್ಟಿದ. ಕೆಟ್ಟಿರಲಿಲ್ಲ.

ಮೊದಲನೆಯ ಬೆಂಡು ಎತ್ತಿದಾಗ ಅದರ ಕಡ್ಡಿಗೆ ಹಗ್ಗದ ಎರಡು ಸುತ್ತು ಗಂಟು ಬಿದ್ದಿತ್ತು. ಇಲ್ಲಿ ಅದು ಎಚ್ಚರಿಕೆ. ನೀನು ಮಾಡಿದ್ದು ನನಗೆ ಗೊತ್ತು ಎಂದರ್ಥ. ಮುಂದಿನ ಸಲ ಗಂಟು ಇರುವುದಿಲ್ಲ, ಹಗ್ಗ ಕತ್ತರಿಸಿರುತ್ತದೆ. ಹೊರಗಿನವರಿಗೆ ಮಾತ್ರ ಹಾಕುವ ಗಂಟು. ಹಾರ್ಲನ್ ಅದನ್ನು ಹಿಡಿದುಕೊಂಡು ತಿರುಗಿಸಿ ನೋಡಿದ. ಎಡಗೈಯವರ ಗಂಟು. ನಮ್ಮ ಊರಲ್ಲಿ ಎಡಗೈಯವನು ಒಬ್ಬನೇ.

ಸಂಜೆ ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಡೆಲ್ಮಂಟ್ ಎರೆಯ ಡ್ರಮ್ಮು ಇಳಿಸುತ್ತಿದ್ದ. ಹಾರ್ಲನ್ ಹತ್ತಿರ ಹೋಗಿ ನಿಂತ.

"ಡೆಲ್, ನಾನು ಬೇಕು ಅಂತ ಮಾಡಿದ್ದಲ್ಲ."

ಡೆಲ್ಮಂಟ್ ಡ್ರಮ್ಮು ಇಟ್ಟ. ಕೈ ಒರೆಸಿಕೊಂಡ.

"ನಲವತ್ತು ಸಾವಿರ ಜನ ಇದಾರಲ್ಲ ನಿನಗೆ. ಅವರ ಹತ್ರ ಮಾತಾಡ್ಕೋ ಹೋಗು."

ಅಷ್ಟೇ. ಊರಿನ ಉಳಿದ ದೋಣಿಗಳೂ ಬಾಯಿ ಮುಚ್ಚಿದವು. ನಾವು ಹೋದರೆ ಧಕ್ಕೆಯಲ್ಲಿ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತಿತ್ತು.

ಇಷ್ಟಾದ ಮೇಲೆ ಫೋನು ಬಿಡುತ್ತಾನೆ ಅಂದುಕೊಂಡೆ. ಎರಡು ಪಟ್ಟು ಹೆಚ್ಚಾಯಿತು. ರೇಡಿಯೋ ಸುಮ್ಮನಿದ್ದಷ್ಟೂ ಫೋನು ನೋಡಿದ. ಬೆಳಗ್ಗೆ ಐದಕ್ಕೆ ಈಗ ಗ್ಲೆನ್ನಾ. ನಾನು ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಅಡಗಿಸಿದೆ, ಹುಡುಕಿದ. ಒಗೆಯುವ ಯಂತ್ರದ ಹಿಂದೆ ಇಟ್ಟೆ, ಹುಡುಕಿದ. ಕೊನೆಗೆ ಶೀತಪೆಟ್ಟಿಗೆಯಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಮಾಂಸದ ಪೊಟ್ಟಣಗಳ ಅಡಿ ಇಟ್ಟೆ. ಮಧ್ಯಾಹ್ನ ನೋಡಿದರೆ ಅರ್ಧ ಪ್ರಾಣಿ ನೆಲದ ಮೇಲಿದೆ, ಅವನು ಪೆಟ್ಟಿಗೆಯೊಳಗೆ ಸೊಂಟದವರೆಗೆ ಇಳಿದಿದ್ದಾನೆ.

"ಏನು ಹುಡುಕ್ತಿದೀಯ?"

"ಐಸ್‌ಕ್ರೀಮ್."

"ಮೂಸ್ ಅಡಿ ಐಸ್‌ಕ್ರೀಮಾ?"

ಅವನು ಹೊರಗೆ ಬಂದು ನೆಲದ ಮೇಲೆ ಕೂತ. ಹುಬ್ಬಿನ ಮೇಲೆ ಮಂಜು ಅಂಟಿತ್ತು. ನನಗೆ ನಗು ಬಂತು. ಅವನಿಗೆ ಬರಲಿಲ್ಲ.

"ಬಿಡಬೇಕು ಅಂತಲೇ ಇದೀನಿ ಆರ್ಡಿತ್. ಆದ್ರೆ ಇದನ್ನೂ ಬಿಟ್ರೆ ಇಡೀ ದಿನ ನನ್ನ ಹತ್ರ ಮಾತಾಡೋರು ಯಾರಿದಾರೆ?"

ನಾನಿದ್ದೇನೆ ಎಂದು ಹೇಳಬಹುದಿತ್ತು. ಅವನು ಕೇಳುತ್ತಿದ್ದುದು ನನ್ನನ್ನಲ್ಲ ಎಂದು ಗೊತ್ತಿತ್ತು. ಮಾಂಸ ಎತ್ತಿ ಒಳಗಿಟ್ಟೆ. ಫೋನನ್ನು ಅವನ ಕೈಗೇ ಕೊಟ್ಟೆ.

ಆಗಸ್ಟ್ ಕೊನೆಯಲ್ಲಿ ಒಂದು ದಿನ ತಿಂಡಿ ತಿನ್ನುತ್ತಾ ಹಾರ್ಲನ್ ಹೇಳಿದ, "ಅವರನ್ನ ಕೆಸರಿಗೆ ಕಳಿಸ್ತೀನಿ."

"ಯಾರನ್ನ?"

"ಬ್ರಾಲ್ಟನ್‌ನವರನ್ನ. ನನ್ನ ವಿಡಿಯೋ ನೋಡಿ ಬಂದ್ರು ತಾನೇ? ವಿಡಿಯೋ ನೋಡೇ ಹೋಗ್ತಾರೆ."

ಅಟ್ಟದಿಂದ ಎರಡು ಮೈಲಿ ಆಚೆ, ಏನೂ ಸಿಗದ ಕಡೆ ಬೋನು ಎತ್ತಿ, ತುಂಬ ಸಿಕ್ಕಿದ ಹಾಗೆ ತೋರಿಸುವುದು. ಅಟ್ಟದಲ್ಲಿ ಈಗ ಏನೂ ಇಲ್ಲ, ಎಲ್ಲ ಇಲ್ಲಿಗೆ ಬಂದಿವೆ ಎನ್ನುವುದು. ಅವರು ಬೋನು ಕಿತ್ತುಕೊಂಡು ಅಲ್ಲಿಗೆ ಓಡುತ್ತಾರೆ. ಅಟ್ಟ ಮತ್ತೆ ಡೆಲ್ಮಂಟ್‌ನದು. ಎಲ್ಲಿ ಸಿಕ್ಕಿತು ಎಂದು ಸುಳ್ಳು ಹೇಳುವುದು ನಮ್ಮ ಹಳೆಯ ವಿದ್ಯೆ. ಫೋನಿನಲ್ಲಿ ಹೇಳುವುದು ಮಾತ್ರ ಹೊಸದು.

ಆದರೆ ಎರಡು ದಿನ ಅವನು ಆ ಕೆಲಸಕ್ಕೆ ಕೈ ಹಾಕಲಿಲ್ಲ. ಒದ್ದಾಡಿದ.

"ಗ್ಲೆನ್ನಾ ಬರೆದಿದಾಳೆ, ತನಗೆ ಗೊತ್ತಿರೋ ಪ್ರಾಮಾಣಿಕ ಗಂಡಸು ನಾನೊಬ್ಬನೇ ಅಂತ. ಅವಳಿಗೂ ಸುಳ್ಳು ಹೇಳಿದ ಹಾಗಾಗುತ್ತಲ್ಲ."

"ಅವಳು ನೆಬ್ರಾಸ್ಕಾದಲ್ಲಿ ಬೋನು ಬಿಟ್ಟಿದಾಳಾ?"

"ಇಲ್ಲ."

"ಮತ್ತೆ ಅವಳಿಗೇನು ನಷ್ಟ?"

"ಅವಳಿಗೇನಿಲ್ಲ," ಎಂದ. ಬಹಳ ಹೊತ್ತು ಕಾಫಿ ಕಲಕಿದ. "ನನಗೆ."

ಮೂರನೆಯ ದಿನ ಹೊರಟೆವು. ಹಿಂದಿನ ದಿನ ಹಿಡಿದ ಹದಿನಾಲ್ಕು ಲಾಬ್‌ಸ್ಟರ್‌ಗಳು ತೇಲುವ ಪೆಟ್ಟಿಗೆಯಲ್ಲಿ ಜೀವಂತ ಇದ್ದವು. ಅವುಗಳ ಕೊಂಡಿಯ ರಬ್ಬರ್ ಬಿಚ್ಚಿ ಬೋನಿನೊಳಗೆ ಹಾಕಬೇಕು. ಇಪ್ಪತ್ತಾರು ವರ್ಷ ರಬ್ಬರ್ ಹಾಕಿದ್ದೇನೆ, ಬಿಚ್ಚಿದ್ದು ಅದೇ ಮೊದಲು. ಅವಕ್ಕೂ ಸಿಟ್ಟು ಬಂದಿತ್ತು. ಒಂದು ನನ್ನ ಹೆಬ್ಬೆರಳು ಹಿಡಿಯಿತು. ನಾನು ಅಂದದ್ದನ್ನು ಗ್ರಂಥಾಲಯದವರು ಅಚ್ಚು ಹಾಕುವುದಿಲ್ಲ. ಹಾರ್ಲನ್ ಬೇಗ ಬೇಗ ಎನ್ನುತ್ತಿದ್ದ. ಬೋನು ಕೆಸರಿಗೆ ಬಿಟ್ಟು, ಒಂದು ಲೋಟ ಕಾಫಿ ಕುಡಿದು, ಮೇಲೆತ್ತಿದೆವು.

"ಅಯ್ಯೋ ದೇವರೇ! ನೋಡ್ರಪ್ಪಾ ಇಲ್ಲಿ! ನನ್ನ ಜನ್ಮದಲ್ಲಿ ಹಿಂಗೆ ಕಂಡಿಲ್ಲ!" ಎಂದು ಹಾರ್ಲನ್ ಫೋನಿಗೆ ಕೂಗಿದ. ಕೈ ಮೇಲೆತ್ತಿದ. ಟೋಪಿ ತೆಗೆದ. ನಮ್ಮ ಮದುವೆಯ ದಿನವೂ ಅವನು ಇಷ್ಟು ಸಂತೋಷ ತೋರಿಸಿರಲಿಲ್ಲ. ನಾನು ನಕ್ಕುಬಿಟ್ಟೆ. ಬೋನು ಮತ್ತೆ ಇಳಿಸಿ ಎರಡನೆಯ ಸಲ ತೆಗೆಯಬೇಕಾಯಿತು.

ಮಧ್ಯಾಹ್ನ ಹಾಕಿದ. ಸಂಜೆಗೆ ಅರವತ್ತು ಸಾವಿರ ಹೃದಯ. ಅವನಿಗೆ ಅಷ್ಟು ಯಾವತ್ತೂ ಬಂದಿರಲಿಲ್ಲ. ಊಟದ ಮೇಜಿನಲ್ಲಿ ಅಂಕಿ ಏರುವುದನ್ನು ನೋಡುತ್ತಾ ಕೂತ. ಮೊದಲು ಮುಖ ಅರಳಿತ್ತು. ಸ್ವಲ್ಪ ಹೊತ್ತಿನ ಮೇಲೆ ಅರಳಿರಲಿಲ್ಲ.

"ನಿಜ ಹೇಳಿದ್ದಕ್ಕೆ ಇಷ್ಟು ಬಂದಿರ್ಲಿಲ್ಲ," ಎಂದ.

ಮರುದಿನ ಬೆಳಗ್ಗೆ ಅಟ್ಟದ ಕಡೆ ಹೋದೆವು. ಬ್ರಾಲ್ಟನ್‌ನವರ ಒಂದು ಬೆಂಡೂ ಕದಲಿರಲಿಲ್ಲ. ಅವರದೊಂದು ದೋಣಿ ನಿಧಾನವಾಗಿ ನಮ್ಮ ಪಕ್ಕದಲ್ಲಿ ಹಾದುಹೋಯಿತು. ಅದರಲ್ಲಿದ್ದವನು ಕೈ ಎತ್ತಿದ. ಎರಡು ಬೆರಳ ನಡುವೆ ಏನನ್ನೋ ಹಿಗ್ಗಿಸಿ ಹಿಡಿದಿದ್ದ. ಹಲ್ಲು ಕಿರಿಯುತ್ತಿದ್ದ. ನಮಗೆ ತಿಳಿಯಲಿಲ್ಲ.

ಆಗ ರೇಡಿಯೋ ಗೊರಗುಟ್ಟಿತು.

"ಹಾರ್ಲನ್."

ಏಳು ವಾರ ಆಗಿತ್ತು ಆ ದನಿ ಕೇಳಿ. ಹಾರ್ಲನ್ ರೇಡಿಯೋದ ಮೈಕು ಎಳೆದು ಬಾಯಿಗೆ ಹಿಡಿದ.

"ಹೇಳು ಡೆಲ್."

"ಒಂದು ವಿಷಯ ಕೇಳಬೇಕಿತ್ತು. ಸೊಸೆ ನಿನ್ನ ವಿಡಿಯೋ ತೋರಿಸಿದ್ಲು. ಆ ಕೆಸರಿನಲ್ಲಿ ಲಾಬ್‌ಸ್ಟರ್‌ಗೆ ರಬ್ಬರ್ ಯಾರು ಹಾಕ್ತಾರೋ? ತಳದಲ್ಲಿ ಅಂಗಡಿ ಇಟ್ಟಿದೀಯೇನು?"

ಹಾರ್ಲನ್ ಫೋನು ತೆಗೆದು ವಿಡಿಯೋ ನೋಡಿದ. ನಾನೂ ಅವನ ಭುಜದ ಮೇಲಿಂದ ನೋಡಿದೆ. ಅವನು ಟೋಪಿ ಎತ್ತಿ ಕೂಗುತ್ತಿದ್ದಾನೆ. ಅವನ ಕೈಯಲ್ಲೇ ಇರುವ ದೊಡ್ಡ ಲಾಬ್‌ಸ್ಟರ್‌ನ ಬಲಕೊಂಡಿಗೆ ಒಂದು ನೀಲಿ ರಬ್ಬರ್. ನನ್ನದೇ ಕೈಯ ರಬ್ಬರ್.

ರೇಡಿಯೋದಲ್ಲಿ ಯಾರೋ ಹೇಳಿದ, "ಶಿಸ್ತಿನ ಲಾಬ್‌ಸ್ಟರ್ ಕಣ್ರೋ ಅವು. ತಾವೇ ಹಾಕ್ಕೊಂಡು ಬರ್ತವೆ."

ಇನ್ನೊಬ್ಬ, "ಮುಂದಿನ ಸಲ ಬೆಣ್ಣೆ ಸವರ್ಕೊಂಡು ಬರಕ್ಕೆ ಹೇಳು ಹಾರ್ಲನ್."

ಬ್ರಾಲ್ಟನ್‌ನವನೊಬ್ಬ ನಡುವೆ ತೂರಿ, "ನಾವು ನೆನ್ನೆಯಿಂದ ನಕ್ಕು ನಕ್ಕು ಸತ್ತಿದೀವಿ, ಬೋನು ಎತ್ತಕ್ಕೇ ಆಗ್ತಿಲ್ಲ," ಎಂದ. ಡೆಲ್ಮಂಟ್ ಅವನಿಗೆ ಬಾಯಿ ಮುಚ್ಚು ಎಂದ. "ಇವನನ್ನ ಬೈಯೋದು ನಮ್ಮ ಊರಿನ ಕೆಲಸ. ನೀನ್ಯಾರು?"

ಹಾರ್ಲನ್ ನನ್ನ ಕಡೆ ತಿರುಗಿದ. "ಅರವತ್ತು ಸಾವಿರ ಜನ ಹೃದಯ ಒತ್ತಿದ್ರು ಆರ್ಡಿತ್. ಒಬ್ಬರಿಗೂ ರಬ್ಬರ್ ಕಾಣ್ಲಿಲ್ಲ."

"ಹೂಂ."

"ಡೆಲ್‌ಗೆ ಕಾಣ್ತು."

ರೇಡಿಯೋದಲ್ಲಿ "ಹಾರ್ಲನ್? ಹಾರ್ಲನ್?" ಎನ್ನುತ್ತಿದ್ದರು. ಅವನು ಆ ಮೈಕು ಹಿಡಿದುಕೊಂಡು ನಿಂತಿದ್ದ, ಭುಜ ಅಲುಗುತ್ತಿತ್ತು. ನಾನು ಅದನ್ನು ಕಿತ್ತುಕೊಂಡೆ.

"ಡೆಲ್ಮಂಟ್, ನಾನು ಆರ್ಡಿತ್. ರಬ್ಬರ್ ಬಿಟ್ಟಿದ್ದು ನಾನು. ಅವನು ಅಳ್ತಿದಾನೆ. 'ಅವರನ್ನ ಕೆಸರಿಗೆ ಕಳಿಸಿ ಅಟ್ಟ ಡೆಲ್‌ಗೆ ಬಿಡಿಸ್ತೀನಿ' ಅಂತ ಬಂದಿದ್ದ. ಸ್ವಲ್ಪ ಹೊತ್ತು ಬಿಡಿ ಅವನನ್ನ."

ಎರಡೂ ಊರಿನ ದೋಣಿಗಳು ಕೇಳುತ್ತಿದ್ದವು. ಹಾರ್ಲನ್ ನನ್ನನ್ನು ಕೊಲ್ಲುವ ಹಾಗೆ ನೋಡಿದ.

"ಆಗ್ಲಿ," ಎಂದ ಡೆಲ್ಮಂಟ್. "ನನಗೇನೂ ಅವಸರ ಇಲ್ಲ. ಅತ್ತು ಮುಗಿಸ್ಲಿ."

ಅಟ್ಟ ವಾಪಸ್ ಬರಲಿಲ್ಲ. ಬ್ರಾಲ್ಟನ್‌ನವರು ಈಗಲೂ ಅಲ್ಲೇ ಬೋನು ಬಿಡುತ್ತಾರೆ. ಡೆಲ್ಮಂಟ್ ಅದನ್ನು ಕ್ಷಮಿಸಿಲ್ಲ, ಹಾರ್ಲನ್‌ಗೆ ಮಣ್ಣು ಕೊಡುವ ದಿನವೂ ನನ್ನ ಹತ್ತಿರ ಅದನ್ನು ಎತ್ತಿದ. ಹಾರ್ಲನ್‌ನ ಚಟವೂ ಒಂದೇ ದಿನಕ್ಕೆ ಹೋಗಲಿಲ್ಲ. ಮಂಜು ಮುಸುಕಿ ಕೆಲಸ ಇಲ್ಲದ ದಿನ, ಮೊಣಕಾಲು ನೋಯುವ ದಿನ, ಯಾರೋ ಏನೋ ಅಂದ ದಿನ ಮತ್ತೆ ಫೋನು ಹಿಡಿದು ಕೂರುತ್ತಿದ್ದ. ನಾನು ಅಡಗಿಸುವುದನ್ನು ಬಿಟ್ಟೆ. ಎದುರು ಕೂತು ಏನಾಯಿತು ಎಂದು ಕೇಳುತ್ತಿದ್ದೆ. ಒಮ್ಮೊಮ್ಮೆ ಹೇಳುತ್ತಿದ್ದ.

ಆದರೆ ರಬ್ಬರ್ ಕತೆಯಾದ ಭಾನುವಾರ ಅವನು ಗ್ಲೆನ್ನಾಗೆ ಉದ್ದಕ್ಕೆ ಬರೆದ. ಆ ಜಾಗ ಸುಳ್ಳು, ಲಾಬ್‌ಸ್ಟರ್ ಹಿಂದಿನ ದಿನದ್ದು, ಒಂದಕ್ಕೆ ರಬ್ಬರ್ ಹಾಗೇ ಇತ್ತು, ನಾನು ಪ್ರಾಮಾಣಿಕ ಅಲ್ಲ, ಕ್ಷಮಿಸಿ. ಬರೆಯಲು ಇಡೀ ಮಧ್ಯಾಹ್ನ ಬೇಕಾಯಿತು. ಒಲೆಯಲ್ಲಿ ಬೀನ್ಸ್ ಬೇಯುತ್ತಿತ್ತು. ಅವಳ ಉತ್ತರ ಬಂದಾಗ ಅವನು ಗಟ್ಟಿಯಾಗಿ ಓದಿದ.

"ಅಯ್ಯೋ, ಅದು ರಬ್ಬರಾ? ನಾನು ಅದರ ಬಣ್ಣವೇ ಹಾಗೆ ಅಂದ್ಕೊಂಡಿದ್ದೆ."

ಹಾರ್ಲನ್ ಮೇಜು ಹಿಡಿದುಕೊಂಡು ನಕ್ಕ. ಟೋಪಿ ಹಾಕಿಕೊಂಡ.

"ಎಲ್ಲಿಗೆ?"

"ಡೆಲ್‌ಗೆ ಹೇಳಿ ಬರ್ತೀನಿ ಇದನ್ನ."

ಫೋನು ಮೇಜಿನ ಮೇಲೇ ಇತ್ತು. ಬಾಗಿಲು ಹಾಕಿಕೊಳ್ಳದೆ ಅಂಗಳ ದಾಟಿ ಹೋದ. ಡೆಲ್ಮಂಟ್‌ನ ನಗು ನಮ್ಮ ಅಡುಗೆಮನೆಯವರೆಗೆ ಕೇಳಿತು. ಬೀನ್ಸ್ ತಣ್ಣಗಾಯಿತು, ಮತ್ತೆ ಬಿಸಿ ಮಾಡಿದೆ, ಮತ್ತೆ ತಣ್ಣಗಾಯಿತು. ನಾನು ಒಬ್ಬಳೇ ಉಂಡೆ. ಅವತ್ತು ಅವನಿಗೆ ಬೈಯಲಿಲ್ಲ.